ದಾರಿಯಿಲ್ಲದ ಕಮರಿಯಲ್ಲಿ ಒಂಟಿಗೈ ಮೇಷ್ಟ್ರು

ಮಕ್ಕಳೇ, ನೀವು ಗುಡ್ಡ ಹತ್ತಿದ್ದೀರಾ? ಹತ್ತಿದ್ದರೆ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಿರಬೇಕು. ಬಂಡೆ ಹತ್ತುವಾಗ ಕಾಲಿಡುವ ಜಾಗ ಕಣ್ಣಿಗೆ ಕಾಣುತ್ತದೆ. ಇಳಿಯುವಾಗ ಕಾಣುವುದಿಲ್ಲ. ಹುಮ್ಮಸ್ಸಿನಿಂದ ಮೇಲೇರಿ, ಆಮೇಲೆ ಕೆಳಗಿಳಿಯಲಾರದೆ ಅಳುತ್ತ ಕುಳಿತವರು ನಿಮ್ಮ ತರಗತಿಯಲ್ಲೂ ಇರಬಹುದು!

1869ರ ಬೇಸಿಗೆಯಲ್ಲಿ ಅಮೆರಿಕದ ಮರುಭೂಮಿಯ ಕಮರಿಯೊಂದರಲ್ಲಿ ಇಂಥದೇ ಪೇಚಿಗೆ ಸಿಕ್ಕಿಕೊಂಡವನು 35 ವರ್ಷದ ಒಬ್ಬ ಪ್ರಾಧ್ಯಾಪಕ. ಹೆಸರು ಜಾನ್ ವೆಸ್ಲಿ ಪೊವೆಲ್. ಮುಂದಿನ ದಾರಿ ಹೇಗಿದೆಯೆಂದು ಎತ್ತರದಿಂದ ನೋಡಲು ಬ್ರಾಡ್ಲಿ ಎಂಬ ಸಂಗಡಿಗನೊಂದಿಗೆ ಕಡಿದಾದ ಬಂಡೆಯನ್ನು ಏರುತ್ತಿದ್ದ. ಒಂದು ಕಡೆ ಸಣ್ಣ ಬಿರುಕಿಗೆ ಜಿಗಿದು ಕಾಲೂರಿದ. ತಲೆಯ ಮೇಲಿನ ಕಲ್ಲಿನ ಅಂಚನ್ನು ಎಡಗೈಯಿಂದ ಹಿಡಿದ. ಅಲ್ಲಿಗೆ ಮುಗಿಯಿತು! ಮೇಲೆ ಹೋಗಲು ಇನ್ನೊಂದು ಕೈ ಬೇಕು. ಆತನಿಗೆ ಇದ್ದದ್ದು ಒಂದೇ ಕೈ. ಹಿಡಿದ ಕೈ ಬಿಟ್ಟರೆ ಕೆಳಗೆ ಪ್ರಪಾತ. ಕಾಲುಗಳು ನಡುಗತೊಡಗಿದವು.

ಬ್ರಾಡ್ಲಿ ಬೇರೆ ಕಡೆಯಿಂದ ಸುತ್ತಿ ಮೇಲೆ ಬಂದ. ಹಗ್ಗ ತಂದಿರಲಿಲ್ಲ. ಸುತ್ತಮುತ್ತ ಮರದ ಕೊಂಬೆಯೂ ಇಲ್ಲ. ಥಟ್ಟನೆ ಅವನಿಗೊಂದು ಉಪಾಯ ಹೊಳೆಯಿತು. ತಾನು ತೊಟ್ಟಿದ್ದ ಉದ್ದನೆಯ ಒಳಚಡ್ಡಿಯನ್ನೇ ಬಿಚ್ಚಿ ಕೆಳಗೆ ಇಳಿಬಿಟ್ಟ. ನಗು ಬಂತೇ? ಪೊವೆಲ್‌ಗೆ ಆಗ ನಗುವಷ್ಟು ವ್ಯವಧಾನ ಇರಲಿಲ್ಲ. ಕಲ್ಲನ್ನು ಹಿಡಿದಿದ್ದ ಒಂದೇ ಕೈಯನ್ನು ಬಿಟ್ಟು, ಹಿಂದಕ್ಕೆ ಬೀಳುವ ಮೊದಲೇ ಆ ಬಟ್ಟೆಯನ್ನು ಹಿಡಿಯಬೇಕು. ಹಿಡಿದ. ಬ್ರಾಡ್ಲಿ ಮೇಲೆಳೆದುಕೊಂಡ. ಇಬ್ಬರೂ ಶಿಖರಕ್ಕೆ ಹೋಗಿ, ನೋಡಬೇಕಾದ್ದನ್ನು ನೋಡಿಯೇ ಬಂದರು!

ಪೊವೆಲ್ ಹುಟ್ಟಿದ್ದು 1834ರ ಮಾರ್ಚ್ 24ರಂದು, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಮೌಂಟ್ ಮಾರಿಸ್‌ನಲ್ಲಿ. ತಂದೆ ಇಂಗ್ಲೆಂಡಿನಿಂದ ಬಂದ ಧರ್ಮಬೋಧಕ. ಆಗ ಅಮೆರಿಕದಲ್ಲಿ ಕರಿಯ ಜನರನ್ನು ಗುಲಾಮರನ್ನಾಗಿ ಮಾರುವ ಪದ್ಧತಿ ಇತ್ತು. ತಂದೆ ಅದನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದರು. ಅದರ ಸಿಟ್ಟನ್ನು ಊರಿನವರು ಮಗನ ಮೇಲೆ ತೀರಿಸಿಕೊಂಡರು. ಶಾಲೆಯಲ್ಲಿ ಹುಡುಗರು ಬಾಲಕ ಪೊವೆಲ್‌ಗೆ ಕಲ್ಲು ಹೊಡೆಯುತ್ತಿದ್ದರು. ಕೊನೆಗೆ ಶಾಲೆ ಬಿಡಿಸಿ, ಜಾರ್ಜ್ ಕ್ರೂಕಮ್ ಎಂಬ ಹಿರಿಯ ರೈತನ ಬಳಿ ಪಾಠಕ್ಕೆ ಕಳಿಸಿದರು. ಆ ಮುದುಕನ ಮನೆಯಲ್ಲಿ ಪುಸ್ತಕಗಳಿದ್ದವು, ಕಲ್ಲು, ಗಿಡ, ಪ್ರಾಣಿಗಳ ಸಂಗ್ರಹವಿತ್ತು. ಗುರುಶಿಷ್ಯರು ಕಾಡುಮೇಡು ಸುತ್ತುತ್ತ ಕಲಿತರು. ಪೊವೆಲ್ ಮುಂದೆ ಮೂರು ಕಾಲೇಜುಗಳಿಗೆ ಹೋದರೂ ಪದವಿ ಪಡೆಯಲಿಲ್ಲ. ಕಲಿಕೆ ಮಾತ್ರ ನಿಲ್ಲಲಿಲ್ಲ. ಶಾಲೆಯಲ್ಲಿ ಮೇಷ್ಟ್ರಾಗಿ ದುಡಿಯುತ್ತ, ರಜೆಯಲ್ಲಿ ಪುಟ್ಟ ದೋಣಿಯಲ್ಲಿ ಮಿಸಿಸಿಪಿ, ಓಹಿಯೋ ನದಿಗಳ ಉದ್ದಕ್ಕೂ ಸಾಗಿ ಚಿಪ್ಪುಗಳನ್ನೂ ಪಳೆಯುಳಿಕೆಗಳನ್ನೂ ಆರಿಸಿದ.

1861ರಲ್ಲಿ ಗುಲಾಮಗಿರಿಯ ಪ್ರಶ್ನೆಯೇ ಅಮೆರಿಕದಲ್ಲಿ ಅಂತರ್ಯುದ್ಧವಾಗಿ ಸಿಡಿಯಿತು. ಪೊವೆಲ್ ಸೈನ್ಯ ಸೇರಿದ. 1862ರ ಏಪ್ರಿಲ್‌ನಲ್ಲಿ ಷೈಲೋ ಎಂಬಲ್ಲಿ ಗುಂಡು ತಗಲಿ ಬಲಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಬೇಕಾಯಿತು. ಆದರೂ ಸೈನ್ಯದಲ್ಲೇ ಮುಂದುವರಿದು, ನಂತರ ಭೂವಿಜ್ಞಾನದ ಪ್ರಾಧ್ಯಾಪಕನಾದ.

ಆ ಕಾಲದ ಅಮೆರಿಕದ ಭೂಪಟದಲ್ಲಿ ಒಂದು ದೊಡ್ಡ ಜಾಗ ಖಾಲಿಯಿತ್ತು. ಕೊಲರಾಡೊ ನದಿ ಮರುಭೂಮಿಯ ಎತ್ತರದ ಪ್ರಸ್ಥಭೂಮಿಯನ್ನು ಕೊರೆದುಕೊಂಡು ಹರಿಯುವ ಪ್ರದೇಶ ಅದು. ಅಲ್ಲಿನ ಅತಿ ದೊಡ್ಡ ಕಮರಿಗೆ ಗ್ರ್ಯಾಂಡ್ ಕ್ಯಾನ್ಯನ್ ಎಂದು ಹೆಸರು, ಮಹಾಕಮರಿ ಎಂದರ್ಥ. ಉದ್ದ 446 ಕಿ.ಮೀ., ಕೆಲವು ಕಡೆ ಅಗಲ 29 ಕಿ.ಮೀ., ಆಳ ಸುಮಾರು 1,600 ಮೀಟರ್. ದೆಹಲಿಯ ಕುತುಬ್ ಮಿನಾರ್ ಕೇಳಿದ್ದೀರಲ್ಲ? ಅಂಥ 22 ಮಿನಾರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಆಗುವಷ್ಟು ಆಳ! ಮೇಲಿನ ಅಂಚಿನಲ್ಲಿ ನಿಂತರೆ ಕೆಳಗೆ ನದಿ ದಾರದ ಎಳೆಯಂತೆ ಕಾಣುತ್ತದೆ. ಆದರೆ ಬಾಯಾರಿ ಸಾಯುತ್ತಿದ್ದರೂ ಆ ನೀರಿನ ಬಳಿಗೆ ಹೋಗಲಾಗುವುದಿಲ್ಲ.

ಯಾಕೆ ಹೋಗಲಾಗದು? ಕಮರಿಯ ಗೋಡೆ ಒಂದೇ ಬಗೆಯ ಕಲ್ಲಿನದಲ್ಲ. ಮರಳುಗಲ್ಲು, ಸುಣ್ಣಕಲ್ಲು, ಜೇಡಿಗಲ್ಲುಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಪದರ ಪದರವಾಗಿವೆ. ಮೆದುವಾದ ಜೇಡಿಗಲ್ಲು ಸವೆದು ಇಳಿಜಾರಾಗುತ್ತದೆ, ಅಲ್ಲಿ ನಡೆಯಬಹುದು. ಗಟ್ಟಿಯಾದ ಸುಣ್ಣಕಲ್ಲು, ಮರಳುಗಲ್ಲು ನೆಟ್ಟನೆ ಗೋಡೆಯಾಗಿ ನಿಲ್ಲುತ್ತವೆ. ಹಾಗಾಗಿ ಇಡೀ ಕಮರಿ ರಾಕ್ಷಸರ ಮೆಟ್ಟಿಲಿನಂತಿದೆ. ಒಂದು ಇಳಿಜಾರು, ಒಂದು ಗೋಡೆ, ಮತ್ತೆ ಇಳಿಜಾರು, ಮತ್ತೆ ಗೋಡೆ. ಇಳಿಯಬೇಕಾದವರು ಗೋಡೆಯ ಅಂಚಿನ ಉದ್ದಕ್ಕೂ ಮೈಲಿಗಟ್ಟಲೆ ನಡೆದು, ಕಲ್ಲು ಸೀಳಿದ ಅಥವಾ ಕುಸಿದ ಒಂದು ಜಾಗವನ್ನು ಹುಡುಕಬೇಕು. ಅದು ಸಿಕ್ಕಿ ಒಂದು ಗೋಡೆ ಇಳಿದರೆ, ಕೆಳಗೆ ಇನ್ನೊಂದು ಗೋಡೆ ಕಾದಿರುತ್ತದೆ. ಅಲ್ಲಿಯೂ ಸೀಳು ಸಿಗದಿದ್ದರೆ? ಬಂದ ದಾರಿಯಲ್ಲೇ ವಾಪಸು. ಅಷ್ಟರಲ್ಲಿ ಕುಡಿಯುವ ನೀರು ಮುಗಿದಿರುತ್ತದೆ.

ಪೊವೆಲ್ ನದಿಯ ಮೂಲಕವೇ ಒಳಹೊಕ್ಕು ನೋಡಲು ನಿರ್ಧರಿಸಿದ. 1869ರ ಮೇ 24ರಂದು ವಯೋಮಿಂಗ್ ಪ್ರಾಂತದ ಗ್ರೀನ್ ರಿವರ್ ಎಂಬ ರೈಲು ನಿಲ್ದಾಣದ ಬಳಿಯಿಂದ ಒಟ್ಟು ಹತ್ತು ಜನ, ನಾಲ್ಕು ದೋಣಿಗಳು ಹೊರಟವು. ಮುಂದಿನ ದೋಣಿಗೆ ಪೊವೆಲ್‌ನ ಹೆಂಡತಿ ಎಮ್ಮಾ ಡೀನಳ ಹೆಸರು. ಹತ್ತು ತಿಂಗಳಿಗೆ ಆಗುವಷ್ಟು ಆಹಾರವಿತ್ತು. ನದಿ ಎಲ್ಲೋ ನೆಲದೊಳಗೆ ನುಸುಳಿ ಮಾಯವಾಗುತ್ತದೆ, ಭಾರಿ ಜಲಪಾತಗಳಿವೆ ಎಂದೆಲ್ಲ ಜನ ಹೇಳುತ್ತಿದ್ದರು. ನಿಜವೋ ಸುಳ್ಳೋ, ಯಾರೂ ನೋಡಿ ಬಂದಿರಲಿಲ್ಲ.

ಈ ಭಯಕ್ಕೆ ಪೊವೆಲ್ ಬಳಿ ಒಂದು ಔಷಧಿ ಇತ್ತು. ಅದು ವಾಯುಭಾರಮಾಪಕ! ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ ಎಂದು ನೀವು ಓದಿದ್ದೀರಿ. ಸಮುದ್ರಮಟ್ಟದಿಂದ ಸುಮಾರು 110 ಮೀಟರ್ ಏರಿದರೆ ಕೊಳವೆಯ ಪಾದರಸ ಒಂದು ಸೆಂಟಿಮೀಟರ್ ಇಳಿಯುತ್ತದೆ. ಅಂದರೆ ಪಾದರಸವನ್ನು ನೋಡಿ ನಿಂತ ಜಾಗದ ಎತ್ತರವನ್ನು ಲೆಕ್ಕ ಹಾಕಬಹುದು. ಹೊರಟ ಜಾಗದಿಂದ ತಲುಪಬೇಕಾದ ವರ್ಜಿನ್ ನದಿಯ ಸಂಗಮಕ್ಕೆ 1,500 ಮೀಟರ್‌ಗೂ ಹೆಚ್ಚು ಇಳಿಯಬೇಕು. ನದಿ ಈವರೆಗೆ ಎಷ್ಟು ಇಳಿದಿದೆ, ಇನ್ನೆಷ್ಟು ಇಳಿಯಬೇಕು ಎಂದು ತಿಳಿದರೆ, ಮುಂದೆ ಎಷ್ಟು ಅಪಾಯ ಉಳಿದಿದೆ ಎಂಬ ಅಂದಾಜು ಸಿಕ್ಕಂತಲ್ಲವೇ?

ದಿನದ ಕೆಲಸ ಹೀಗಿತ್ತು. ಮುಂದೆ ನೀರಿನ ಭೋರ್ಗರೆತ ಕೇಳಿದೊಡನೆ ದೋಣಿಗಳನ್ನು ದಡಕ್ಕೆ ತರಬೇಕು. ಪೊವೆಲ್ ಇಳಿದು, ಬಂಡೆಗಳ ಮೇಲೆ ನಡೆದುಹೋಗಿ, ಸೆಳವನ್ನು ಮೇಲಿನಿಂದ ನೋಡಬೇಕು. ದೋಣಿ ದಾಟೀತು ಎನ್ನಿಸಿದರೆ ಹುಟ್ಟು ಹಾಕುವುದು. ಇಲ್ಲವಾದರೆ ದೋಣಿಗೆ ಹಗ್ಗ ಕಟ್ಟಿ ದಡದಿಂದ ಮೆಲ್ಲಗೆ ಬಿಡುವುದು. ಅದೂ ಆಗದಿದ್ದರೆ ದೋಣಿಯನ್ನೂ ಸಾಮಾನನ್ನೂ ಹೊತ್ತು ಸಾಗಿಸುವುದು. ಪಕ್ಕದಿಂದ ಸಣ್ಣ ಕಮರಿ ಬಂದು ಸೇರುವ ಕಡೆ ಮಳೆಗಾಲದ ಪ್ರವಾಹ ಉರುಳಿಸಿ ತಂದ ಬಂಡೆಗಳಿರುತ್ತವೆ. ಅಲ್ಲಿ ಸೆಳವು ಹೆಚ್ಚು. ಮೆದು ಕಲ್ಲಿನ ನಡುವೆ ನದಿ ಸಾಮಾನ್ಯವಾಗಿ ಶಾಂತ. ಗ್ರಾನೈಟ್‌ನಂಥ ಗಟ್ಟಿ ಶಿಲೆ ಕಂಡರೆ ಎಲ್ಲರ ಎದೆಯೂ ಹೊಡೆದುಕೊಳ್ಳುತ್ತಿತ್ತು.

ಜೂನ್ 9ರಂದು ಒಂದು ದೋಣಿಗೆ ದಡಕ್ಕೆ ಬರಬೇಕೆಂಬ ಸನ್ನೆ ಸರಿಯಾಗಿ ಕಾಣಲಿಲ್ಲ. ಅದು ಬಂಡೆಗೆ ಬಡಿದು ನುಚ್ಚುನೂರಾಯಿತು. ಮೂವರೂ ಬದುಕಿದರು, ಆದರೆ ಆಹಾರದ ದೊಡ್ಡ ಪಾಲು ನೀರುಪಾಲು. ವಾಯುಭಾರಮಾಪಕಗಳೂ ಅದರಲ್ಲೇ ಇದ್ದವು! ಪುಣ್ಯಕ್ಕೆ ಒಡೆದ ದೋಣಿಯ ತುಂಡೊಂದು ಬಂಡೆಗೆ ಸಿಕ್ಕಿಕೊಂಡಿತ್ತು. ಮರುದಿನ ಅದರೊಳಗಿಂದ ಅವು ಸಿಕ್ಕವು. ಆ ದೋಣಿಯ ಹೊಣೆ ಹೊತ್ತಿದ್ದವನು ಓರಮೆಲ್ ಹೌಲ್ಯಾಂಡ್. ಈ ಹೆಸರು ನೆನಪಿಟ್ಟುಕೊಳ್ಳಿ. ಜುಲೈನಲ್ಲಿ ಒಬ್ಬಾತ ಸಾಕೆಂದು ಊರಿಗೆ ಹೊರಟುಹೋದ. ಉಳಿದವರು ಒಂಬತ್ತು ಜನ.

ಆಗಸ್ಟ್ ಬಂತು. ಈಗ ಅವರು ಗ್ರ್ಯಾಂಡ್ ಕ್ಯಾನ್ಯನ್‌ನ ಒಳಗಿದ್ದರು. ಮಾಂಸ ಹಳಸಿ ಎಸೆದಾಗಿತ್ತು. ಉಳಿದದ್ದು ಮುಗ್ಗಲು ಹಿಟ್ಟು, ಒಣ ಸೇಬು, ಕಾಫಿ ಪುಡಿ. ಒಂದೆಡೆ ಮೂಲನಿವಾಸಿಗಳ ತೋಟ ಕಂಡು, ಕೇಳುವುದಕ್ಕೆ ಯಾರೂ ಇಲ್ಲದಾಗ ಕುಂಬಳಕಾಯಿ ಕದ್ದು ತಿಂದರು! ಗಮನಿಸಿ, ಹೊರಗಿನವರಿಗೆ ಭೂಪಟದಲ್ಲಿ ಖಾಲಿಯಾಗಿದ್ದ ಜಾಗದಲ್ಲಿ ಯಾರೋ ಕುಂಬಳ ಬೆಳೆಯುತ್ತಿದ್ದರು. ಹಳೆಯ ಕಲ್ಲುಮನೆಗಳ ಅವಶೇಷಗಳೂ ದಾರಿಯಲ್ಲಿ ಸಿಕ್ಕಿದ್ದವು.

ಆಗಸ್ಟ್ 27. ಮತ್ತೆ ಗ್ರಾನೈಟ್. ಎದುರಿಗೆ ಈವರೆಗೆ ಕಂಡದ್ದಕ್ಕಿಂತ ಭಯಂಕರವಾದ ಸೆಳವು. ಪೊವೆಲ್ ಎರಡೂ ದಡಗಳ ಬಂಡೆಗಳನ್ನು ಹತ್ತಿ ನೋಡಿದ. ಹೊತ್ತು ಸಾಗಿಸಲು ದಡವೇ ಇಲ್ಲ. ಹಿಟ್ಟು ಉಳಿದಿದ್ದದ್ದು ಸುಮಾರು ಐದು ದಿನಕ್ಕೆ. ಆ ರಾತ್ರಿ ಹೌಲ್ಯಾಂಡ್ ಬಂದು, ತಾನೂ ತನ್ನ ತಮ್ಮ ಸೆನೆಕನೂ ವಿಲಿಯಂ ಡನ್ ಎಂಬವನೂ ನದಿಯನ್ನು ಬಿಟ್ಟು, ಪಕ್ಕದ ಕಮರಿ ಹತ್ತಿ ಹೊರಗೆ ಹೋಗುವುದಾಗಿ ತಿಳಿಸಿದ. ಎಲ್ಲರೂ ಹಾಗೇ ಮಾಡುವುದು ಒಳ್ಳೆಯದೆಂದ. ಅವನ ಮಾತಿನಲ್ಲೂ ಹುರುಳಿತ್ತು.

ಪೊವೆಲ್ ಸೆಕ್ಸ್ಟಂಟ್ ತೆಗೆದು ಆಕಾಶಕಾಯಗಳ ಎತ್ತರ ಅಳೆದು, ತಾವಿರುವ ಜಾಗವನ್ನು ಲೆಕ್ಕ ಹಾಕಿದ. ಮರಳಿನ ಮೇಲೆ ನಕ್ಷೆ ಬರೆದು ಹೌಲ್ಯಾಂಡ್‌ಗೆ ತೋರಿಸಿದ. ವರ್ಜಿನ್ ನದಿಯ ಸಂಗಮ ನೇರವಾಗಿ 70 ಕಿ.ಮೀ. ಇರಬಹುದು, ನದಿಯ ತಿರುವುಗಳಲ್ಲಿ ಅದರ ಎರಡರಷ್ಟು. ಮೇಲೆ ಹತ್ತಿಹೋದರೆ ಮೊರ್ಮನ್ ಪಂಗಡದವರ ಹಳ್ಳಿ ಸೇರಲು ನೂರು ಕಿ.ಮೀ.ಗೂ ಹೆಚ್ಚು ಮರುಭೂಮಿ ದಾಟಬೇಕು. ಯಾವುದು ಕ್ಷೇಮ? ಪೊವೆಲ್ ರಾತ್ರಿಯಿಡೀ ಮರಳಿನ ಮೇಲೆ ಶತಪಥ ಹಾಕಿದ. ನದಿ ಬಿಟ್ಟುಬಿಡೋಣ ಎಂದು ಆತನಿಗೂ ಒಂದು ಹೊತ್ತು ಅನ್ನಿಸಿತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಬೆಳಗ್ಗೆ ಜಗಳವಾಗಲಿಲ್ಲ. ಮೂವರು ಉಳಿದವರಿಗೆ ದೋಣಿ ಸಾಗಿಸಲು ಸಹಾಯ ಮಾಡಿದರು. ಅಳತೆಯ ದಾಖಲೆಗಳ ಒಂದು ಪ್ರತಿ, ಎಮ್ಮಾಳಿಗೆ ಪೊವೆಲ್ ಬರೆದ ಕಾಗದ, ಬಂದೂಕುಗಳನ್ನು ತೆಗೆದುಕೊಂಡರು. ಅಡುಗೆಯವ ಅವರಿಗೆ ರೊಟ್ಟಿ ಬೇಯಿಸಿಕೊಟ್ಟ. ಎರಡೂ ಕಡೆಯವರು ಎದುರಿನವರೇ ಸಾವಿನ ದಾರಿ ಹಿಡಿದರೆಂದು ಮರುಗಿದರು. ಎಮ್ಮಾ ಡೀನ್ ದೋಣಿಯನ್ನೂ ಕಲ್ಲಿನ ಸಂಗ್ರಹವನ್ನೂ ವಾಯುಭಾರಮಾಪಕಗಳನ್ನೂ ಅಲ್ಲೇ ಬಿಟ್ಟು, ಆರು ಜನ ಎರಡು ದೋಣಿಗಳಲ್ಲಿ ಸೆಳವಿಗೆ ನುಗ್ಗಿದರು. ದಾಟಿದರು! ಕೆಳಗೆ ನಿಂತು ಬಂದೂಕು ಹಾರಿಸಿ ಮೂವರನ್ನು ಕರೆದರು. ಯಾರೂ ಬರಲಿಲ್ಲ. ಎರಡೇ ದಿನದಲ್ಲಿ, ಆಗಸ್ಟ್ 30ರಂದು, ಆರು ಜನ ವರ್ಜಿನ್ ಸಂಗಮ ತಲುಪಿದರು. ಹೊರಟು 99ನೇ ದಿನ ಅದು. ಅಲ್ಲಿ ಕೆಲವರು ನದಿಗೆ ಬಲೆ ಹಾಕಿದ್ದರು. ಸತ್ತರೆಂದು ಸುದ್ದಿಯಾಗಿದ್ದ ಈ ತಂಡದ ಅವಶೇಷಗಳೇನಾದರೂ ತೇಲಿ ಬಂದಾವೇ ಎಂದು ನೋಡುತ್ತಿದ್ದರು!

ಮೇಲೆ ಹತ್ತಿದ ಮೂವರು ಹಳ್ಳಿ ಸೇರಲಿಲ್ಲ. ಅವರು ಕೊಲೆಯಾದರೆಂಬ ಸುದ್ದಿ ಕೆಲವೇ ದಿನಗಳಲ್ಲಿ ಬಂತು. 1870ರಲ್ಲಿ ಪೊವೆಲ್ ಆ ಪ್ರದೇಶಕ್ಕೆ ಮತ್ತೆ ಹೋದ. ಈ ಸಲ ಜೇಕಬ್ ಹ್ಯಾಂಬ್ಲಿನ್ ಎಂಬ ದುಭಾಷಿ ಜೊತೆಗಿದ್ದ. ದಾರಿ ತೋರಿಸಿದವರು ಪೈಯೂಟ್ ಬುಡಕಟ್ಟಿನವರು. ಶಿವ್ವಿಟ್ಸ್ ಎಂಬ ಗುಂಪಿನವರೊಂದಿಗೆ ಕುಳಿತು ಮಾತನಾಡಿದಾಗ, ಬೇರೆಯವರು ಮಾಡಿದ ಅಪರಾಧಕ್ಕೆ ಇವರೇ ಕಾರಣರೆಂದು ತಪ್ಪಾಗಿ ತಿಳಿದು ಕೊಂದೆವೆಂಬ ವಿವರಣೆ ಬಂತು. ಪೊವೆಲ್ ಅದನ್ನು ನಂಬಿದ, ಸೇಡಿನ ಮಾತೆತ್ತಲಿಲ್ಲ. ಕೊಂದವರು ಬೇರೆಯವರೇ ಇರಬಹುದೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ.

ಆ ಪ್ರವಾಸದಲ್ಲಿ ಪೊವೆಲ್ ಹುಡುಕುತ್ತಿದ್ದದ್ದು ಮೇಲಿನಿಂದ ನದಿಗೆ ಇಳಿಯುವ ದಾರಿಗಳನ್ನು. ಎರಡನೆಯ ಯಾತ್ರೆಗೆ ಅಲ್ಲಲ್ಲಿ ಆಹಾರ ತಲುಪಿಸಬೇಕಿತ್ತು. ಹಸಿವಿನ ಪಾಠ ಆತ ಮರೆತಿರಲಿಲ್ಲ! ಯಾವ ಬಂಡೆಯ ಗುಂಡಿಯಲ್ಲಿ ಮಳೆನೀರು ನಿಂತಿರುತ್ತದೆ, ಯಾವ ಸೀಳಿನಲ್ಲಿ ಇಳಿಯಬಹುದು ಎಂಬುದು ಪೈಯೂಟರಿಗೆ ಗೊತ್ತಿತ್ತು. ಆದರೂ 1871ರಲ್ಲಿ ಎರಡನೆಯ ಯಾತ್ರೆ ಹೊರಟಾಗ, ಡರ್ಟಿ ಡೆವಿಲ್ ಎಂಬ ಉಪನದಿಯ ಸಂಗಮಕ್ಕೆ ಆಹಾರ ತರಬೇಕಿದ್ದವರಿಗೆ ದಾರಿಯೇ ಸಿಗಲಿಲ್ಲ. ದೋಣಿಯವರು ಒಂದು ದೋಣಿಯನ್ನು ಅಲ್ಲೇ ಅಡಗಿಸಿಟ್ಟು ಮುಂದೆ ಸಾಗಿದರು. ಮರುವರ್ಷ ಪೊವೆಲ್‌ನ ಭಾವಮೈದುನ ಆಲ್ಮನ್ ಥಾಂಪ್ಸನ್ ಕುದುರೆಗಳೊಂದಿಗೆ ಆ ದೋಣಿಯನ್ನು ತರಲು ನೆಲದ ಮೇಲೆ ಹೊರಟ. ಎತ್ತರದಿಂದ ನೋಡಿದಾಗ ತಪ್ಪು ಹೊಳೆಯಿತು. ಡರ್ಟಿ ಡೆವಿಲ್ ಎಂದು ಹಿಂದಿನವರು ಹಿಂಬಾಲಿಸಿದ್ದ ಹೊಳೆ ಬೇರೆಯದೇ ನದಿ! ಭೂಪಟದಲ್ಲೇ ಇಲ್ಲದ ಆ ನದಿಗೆ ಎಸ್ಕಲಾಂಟೆ ಎಂದು ಹೆಸರಿಟ್ಟರು.

ಮರುಭೂಮಿಯಲ್ಲಿ ಇಷ್ಟು ಅಲೆದವನಿಗೆ ನೀರಿನ ಬೆಲೆ ತಿಳಿಯದಿರುತ್ತದೆಯೇ? ವರ್ಷಕ್ಕೆ ಸುಮಾರು 500 ಮಿ.ಮೀ.ಗಿಂತ ಕಡಿಮೆ ಮಳೆಯಾಗುವ ಕಡೆ ನೀರಾವರಿಯಿಲ್ಲದೆ ಬೇಸಾಯ ನಂಬಲಾಗದು, ಇಡೀ ಒಣಪ್ರದೇಶಕ್ಕೆ ಸಾಲುವಷ್ಟು ನೀರು ನದಿಗಳಲ್ಲೂ ಇಲ್ಲ ಎಂದು 1878ರ ವರದಿಯಲ್ಲಿ ಎಚ್ಚರಿಸಿದ. 1881ರಿಂದ 1894ರವರೆಗೆ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ನಿರ್ದೇಶಕನಾಗಿದ್ದಾಗಲೂ ಅದನ್ನೇ ಹೇಳಿದ. 1893ರಲ್ಲಿ ಲಾಸ್ ಏಂಜಲೀಸ್‌ನ ನೀರಾವರಿ ಸಮ್ಮೇಳನದಲ್ಲಿ ಸಭಿಕರು ಕೂಗಿ ಗದ್ದಲ ಮಾಡಿದರು. ಈಗ ಕೊಲರಾಡೊ ನದಿಯ ನೀರು ಹೊಲಗಳಿಗೂ ನಗರಗಳಿಗೂ ಹಂಚಿಹೋಗಿ, ಬಹುತೇಕ ವರ್ಷಗಳಲ್ಲಿ ಸಮುದ್ರವನ್ನೇ ಸೇರುವುದಿಲ್ಲ.

1902ರ ಸೆಪ್ಟೆಂಬರ್ 23ರಂದು ಪೊವೆಲ್ ತೀರಿಕೊಂಡ. ಮೂವರು ಹತ್ತಿಹೋದ ಪಕ್ಕದ ಕಮರಿಗೆ ಸೆಪರೇಷನ್ ಕ್ಯಾನ್ಯನ್, ಅಂದರೆ ಅಗಲಿಕೆಯ ಕಮರಿ ಎಂದು ಹೆಸರು ಬಂದಿದೆ. ಕೆಳಗೆ ಹೂವರ್ ಅಣೆಕಟ್ಟು ಕಟ್ಟಿದ ಮೇಲೆ ಅಲ್ಲಿನ ಸೆಳವು ಜಲಾಶಯದಲ್ಲಿ ಮುಳುಗಿತು. ದಡದ ಬಂಡೆಯ ಮೇಲೆ ಆ ಮೂವರ ಹೆಸರಿನ ಫಲಕವಿದೆ.