ಊರೂರಿನ ಕೈಫಿಯತ್ತು ಬರೆಸಿದ ಕರ್ನಲ್ ಮೆಕೆಂಜಿ

ಊರಿನ ಕೋಟೆ ಕಟ್ಟಿಸಿದವರು ಯಾರು, ಕೆರೆಗೆ ಆ ಹೆಸರು ಬಂದದ್ದು ಹೇಗೆ, ಗುಡಿಗೆ ಮಾನ್ಯ ಬಿಟ್ಟ ಅರಸ ಯಾರು? ಇಂಥ ಪ್ರಶ್ನೆಗಳನ್ನು ಬೆನ್ನು ಹತ್ತಿದ ಸಂಶೋಧಕರು ಕೊನೆಗೆ ಬಂದು ನಿಲ್ಲುವುದು ಕೈಫಿಯತ್ತುಗಳ ಮುಂದೆ. ಮೈಸೂರು ಸೀಮೆಯಿಂದ ಹಿಡಿದು ಬಳ್ಳಾರಿ, ಅನಂತಪುರ, ಕಡಪದವರೆಗೆ ಊರೂರಿನ ಇತಿಹಾಸವನ್ನು ಸ್ಥಳೀಯರಿಂದಲೇ ಬರೆಸಿ ಕೂಡಿಟ್ಟವರು ಕರ್ನಲ್ ಕಾಲಿನ್ ಮೆಕೆಂಜಿ. ಇಷ್ಟೆಲ್ಲ ಮಾಡಿದ ಈ ಪರದೇಶಿಗೆ ನಮ್ಮ ಭಾಷೆಗಳನ್ನು ಸ್ವತಃ ಓದಲು ಬರುತ್ತಿರಲಿಲ್ಲ ಎಂಬುದು ಅಚ್ಚರಿಯಾದರೂ ನಿಜ.

ಮೆಕೆಂಜಿ ಹುಟ್ಟಿದ್ದು 1754ರ ಸುಮಾರಿಗೆ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಬಂದರು ಊರಿನಲ್ಲಿ. ಮೊದಲು ಅಲ್ಲಿನ ಸುಂಕದ ಕಚೇರಿಯಲ್ಲಿ ನೌಕರಿ. ಗಣಿತದಲ್ಲಿ ಅಪಾರ ಆಸಕ್ತಿ. ಲಾಗರಿದಮ್ ಕಂಡುಹಿಡಿದ ನೇಪಿಯರ್ ವಂಶದವರಿಗಾಗಿ ಹಿಂದೂ ಗಣಿತದ ವಿವರಗಳನ್ನು ಹುಡುಕುವ ಕೆಲಸ ಅವರ ಮನಸ್ಸನ್ನು ಭಾರತದ ಕಡೆಗೆ ತಿರುಗಿಸಿತು. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ ಮದರಾಸಿಗೆ ಬಂದಿಳಿದರು. ಮತ್ತೆ ಅವರು ಹುಟ್ಟೂರನ್ನು ಕಾಣಲೇ ಇಲ್ಲ.

ಸೈನ್ಯದ ಎಂಜಿನಿಯರ್ ಆಗಿ ಮೊದಲ ಹದಿಮೂರು ವರ್ಷ ದಂಡಿನ ಜೊತೆ ಅಲೆದಾಟವೇ ಆಯಿತು. ತಿರುವು ಬಂದದ್ದು 1796ರಲ್ಲಿ, ಕಾವಲಿ ವೆಂಕಟ ಬೋರಯ್ಯ ಎಂಬ ತೆಲುಗು ಬ್ರಾಹ್ಮಣ ಯುವಕ ಕೈಕೆಳಗೆ ಸೇರಿದಾಗ. ಇಪ್ಪತ್ತರ ಆಸುಪಾಸಿನ ಬೋರಯ್ಯ ಹಲವು ಭಾಷೆ ಬಲ್ಲವರು. ಊರಿನ ಹಿರಿಯರೊಡನೆ, ಅರ್ಚಕರೊಡನೆ, ಶಾನುಭೋಗರೊಡನೆ ಮಾತಿಗೆ ಕೂತು ವಿಶ್ವಾಸ ಗಳಿಸುವುದು ಅವರಿಗೆ ಕರಗತವಾಗಿತ್ತು. ಬಂಡೆಗಳ ಮೇಲಿನ ಹಳಗನ್ನಡ ಲಿಪಿಯನ್ನು ಬಿಡಿಸಿ ಓದುವುದನ್ನೂ ಕಲಿತರು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಕಂಪನಿಯ ವಶವಾಯಿತು. ಆ ಮುತ್ತಿಗೆಯಲ್ಲಿದ್ದ ಮೆಕೆಂಜಿಗೆ ಮೈಸೂರು ಸೀಮೆಯನ್ನೆಲ್ಲ ಅಳೆದು ನಕ್ಷೆ ಮಾಡುವ ಹೊಣೆ ಬಂತು. ಸುಮಾರು 40 ಸಾವಿರ ಚದರ ಮೈಲಿ ನೆಲ, ಕೈಯಲ್ಲಿ ಬೆರಳೆಣಿಕೆಯ ಸಹಾಯಕರು. ಕಾಡಿನ ಜ್ವರ ಹಲವರನ್ನು ಹಾಸಿಗೆ ಹಿಡಿಸಿತು. ಕಂಪನಿಗೆ ಬೇಕಾಗಿದ್ದದ್ದು ಗಡಿ, ದಾರಿ, ಕಂದಾಯದ ಲೆಕ್ಕ. ಮೆಕೆಂಜಿ ಅದರ ಜೊತೆಗೇ ಗುಡಿ, ಬಸದಿ, ಶಾಸನ, ವೀರಗಲ್ಲು, ಪಾಳೆಯಗಾರರ ವಂಶಾವಳಿ ಎಲ್ಲವನ್ನೂ ಬರೆಸತೊಡಗಿದರು. ಪಾಳುಬಿದ್ದ ಹಂಪಿಯ ಮೋಜಣಿ ಮಾಡಿಸಿದ್ದೂ ಇದೇ ಸುಮಾರಿನಲ್ಲಿ. ಹಂಪಿಯ ಮೊದಲ ಮೋಜಣಿ ನಕ್ಷೆ ಎಂದು ಗುರುತಿಸುವುದು ಅದನ್ನೇ. ಹಳೆಯ ಕಟ್ಟಡಗಳ ರಕ್ಷಣೆಗೆಂದು ಆಗ ಇಲಾಖೆಯೇ ಇರಲಿಲ್ಲ. ಪುರಾತತ್ವ ಸರ್ವೇಕ್ಷಣೆ ಶುರುವಾದದ್ದು 1861ರಲ್ಲಿ.

1803ರಲ್ಲಿ ಬೋರಯ್ಯ ಇದ್ದಕ್ಕಿದ್ದಂತೆ ತೀರಿಕೊಂಡರು. ವಯಸ್ಸು ಮೂವತ್ತೂ ಆಗಿರಲಿಲ್ಲ. ಮೆಕೆಂಜಿಯ ಪಾಲಿಗೆ ಇದು ಕಣ್ಣನ್ನೇ ಕಳೆದುಕೊಂಡಂತೆ. ಕೆಲಸ ನಿಲ್ಲದಂತೆ ನೋಡಿಕೊಂಡವರು ಬೋರಯ್ಯನವರ ತಮ್ಮ ಲಕ್ಷ್ಮಯ್ಯ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಹಳಗನ್ನಡ ಶಾಸನಗಳನ್ನು ಓದಿಕೊಟ್ಟರು. ಜೈನರ ಬಗ್ಗೆ ಅವರಿಂದ ಪಡೆದ ವಿವರಗಳು 1807ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾದವು.

ನಮ್ಮ ಗಡಿಭಾಗದ ಮಟ್ಟಿಗೆ ಮುಖ್ಯವಾದ ಅಧ್ಯಾಯ ಇದರ ನಂತರದ್ದು. ನಿಜಾಮರು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದ ಮೋಜಣಿ 1809ರಿಂದ 1815ರವರೆಗೆ ನಡೆಯಿತು. ಆದೋನಿ, ರಾಯದುರ್ಗದ ಸೀಮೆಯೂ ಅದರಲ್ಲಿ ಸೇರಿತ್ತು. ಲಕ್ಷ್ಮಯ್ಯನವರ ಕೈಕೆಳಗಿನ ಗುಮಾಸ್ತರು ಊರೂರಿಗೆ ಹೋಗಿ ಶಾನುಭೋಗರ ಬಳಿ ಇದ್ದ ಕವಿಲೆಗಳನ್ನು ನಕಲು ಮಾಡಿಕೊಂಡರು. ಸರ್ಕಾರದ ಮನುಷ್ಯ ಬಂದು ಹಳೆಯ ದಾನದ ಕಾಗದ, ತಾಮ್ರದ ತಗಡು ಕೇಳಿದರೆ ಜನರಿಗೆ ಹೆದರಿಕೆ ಸಹಜ. ಮಾನ್ಯದ ಭೂಮಿ ಕೈತಪ್ಪಿದರೆ ಎಂಬ ಅನುಮಾನ ಬೇರೆ. ಅದನ್ನೆಲ್ಲ ಮಾತಿನಿಂದಲೇ ಗೆದ್ದು ಬರೆಸಿಕೊಂಡ ಬರಹಗಳು ಇವು. 1953ರಲ್ಲಿ ಆದೋನಿ, ರಾಯದುರ್ಗ ಆಂಧ್ರಕ್ಕೂ ಬಳ್ಳಾರಿ ಮೈಸೂರಿಗೂ ಹೋದವು. ಕೈಫಿಯತ್ತುಗಳಲ್ಲಿ ಮಾತ್ರ ಈ ಊರುಗಳು ಇಂದಿಗೂ ಒಂದೇ ಸೀಮೆಯಲ್ಲಿವೆ. ಕನ್ನಡ, ತೆಲುಗು ಎರಡೂ ಒಂದೇ ಕಟ್ಟಿನಲ್ಲಿವೆ.

ಈ ನಡುವೆ 1811ರಲ್ಲಿ ಮೆಕೆಂಜಿ ಸೈನ್ಯದೊಡನೆ ಜಾವಾಕ್ಕೆ ಹೋದರು. ಅಲ್ಲಿ ಪ್ರಂಬನನ್ ದೇವಾಲಯಗಳನ್ನು ಪರಿಶೀಲಿಸಿದರು. ಐವತ್ತೆಂಟರ ಹತ್ತಿರದಲ್ಲಿ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬ ಡಚ್ ತರುಣಿಯನ್ನು ಮದುವೆಯಾದರು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಹುದ್ದೆ ದೊರೆಯಿತು.

ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಕೃಷ್ಣಾ ತೀರದ ಅಮರಾವತಿಯನ್ನು ನೋಡಬೇಕು. 1790ರ ದಶಕದ ಕೊನೆಯಲ್ಲಿ ಮೆಕೆಂಜಿ ಅಲ್ಲಿಗೆ ಮೊದಲ ಸಲ ಹೋದಾಗ, ಬೌದ್ಧ ಸ್ತೂಪದ ದಿಬ್ಬವನ್ನು ಸ್ಥಳೀಯ ಜಮೀನ್ದಾರರ ಆಳುಗಳು ಕಟ್ಟಡದ ಕಲ್ಲಿಗಾಗಿ ಅಗೆಯುತ್ತಿದ್ದರು. 1816ರಲ್ಲಿ ಮತ್ತೆ ಬಂದು ಉಳಿದ ಶಿಲ್ಪಗಳನ್ನು ಒಂದೊಂದಾಗಿ ಚಿತ್ರ ಬರೆಸಿದರು. ಆ ಕಲ್ಲುಗಳಲ್ಲಿ ಎಷ್ಟೋ ಈಗ ಇಲ್ಲ. ಮೆಕೆಂಜಿ ಬರೆಸಿದ ಚಿತ್ರಗಳಲ್ಲಷ್ಟೇ ಅವು ಉಳಿದಿವೆ.

ಆದರೆ ಕೂಡಿಹಾಕಿದ್ದನ್ನೆಲ್ಲ ಕ್ರಮಪಡಿಸಿ ಪುಸ್ತಕ ಮಾಡುವ ಆಸೆ ಈಡೇರಲಿಲ್ಲ. 1817ರಲ್ಲಿ ಕಲ್ಕತ್ತೆಗೆ ಹೋಗಬೇಕಾಯಿತು, ಆರೋಗ್ಯ ಕೈಕೊಟ್ಟಿತು. 1821ರ ಮೇ 8ರಂದು ಮೆಕೆಂಜಿ ನಿಧನರಾದರು. ಕಲ್ಕತ್ತೆಯ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಮಣ್ಣಾದರು.

ಅವರು ಬಿಟ್ಟುಹೋದ ರಾಶಿಯಲ್ಲಿ 1,568 ಹಸ್ತಪ್ರತಿ, 2,070 ಸ್ಥಳೀಯ ಚರಿತ್ರೆ, 8,076 ಶಾಸನ ಪ್ರತಿ, 2,630 ಚಿತ್ರ, 6,218 ನಾಣ್ಯ ಇದ್ದವು. ಸರ್ಕಾರ ಅದನ್ನು ಅವರ ಪತ್ನಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. ಎಚ್.ಎಚ್. ವಿಲ್ಸನ್ 1828ರಲ್ಲಿ ಸೂಚಿ ಪ್ರಕಟಿಸಿದರು. ಸಂಗ್ರಹ ಮಾತ್ರ ಲಂಡನ್, ಕಲ್ಕತ್ತೆ, ಮದರಾಸುಗಳಿಗೆ ಹಂಚಿಹೋಯಿತು. ಕೆಲಸ ಮುಂದುವರಿಸಲು ಲಕ್ಷ್ಮಯ್ಯ ಅವಕಾಶ ಕೇಳಿದರು. ಭಾರತೀಯನೊಬ್ಬನಿಂದ ಇದು ಸಾಧ್ಯವಿಲ್ಲ ಎಂಬ ತೀರ್ಮಾನ ಕಲ್ಕತ್ತೆಯ ವಿದ್ವಾಂಸರದಾಗಿತ್ತು. ಇದನ್ನೆಲ್ಲ ಕೂಡಿಸಲು ಬೆನ್ನೆಲುಬಾಗಿದ್ದವರಿಗೇ ಬಾಗಿಲು ಮುಚ್ಚಿತು!

ಮದರಾಸಿಗೆ ಬಂದ ಭಾಗ ಹುಳುವಿನ ಪಾಲಾಗುತ್ತಿದ್ದಾಗ ಸಿ.ಪಿ. ಬ್ರೌನ್ ಮುತುವರ್ಜಿಯಿಂದ ಪ್ರತಿ ಮಾಡಿಸಿದರು. ಅವು ಈಗ ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಎಂ.ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಕರ್ನಾಟಕದ ಕೈಫಿಯತ್ತುಗಳನ್ನು ಪ್ರಕಟಿಸಿದ್ದರಿಂದ ಸಾಮಾನ್ಯ ಓದುಗರಿಗೂ ಅವು ಸಿಗುವಂತಾಯಿತು.

ಗಡಿನಾಡಿನ ಎಷ್ಟೋ ಊರುಗಳಲ್ಲಿ ಕೋಟೆಯ ಕಲ್ಲು ಮನೆಯ ಪಾಯ ಸೇರಿದೆ, ಶಾಸನದ ಬಂಡೆ ಬಟ್ಟೆ ಒಗೆಯುವ ಕಲ್ಲಾಗಿದೆ. ಅಂಥ ಊರಿನವರು ತಮ್ಮ ಊರಿನ ಹೆಸರು ಆ ಹಳೆಯ ಕಡತಗಳಲ್ಲಿ ಇದೆಯೇ ಎಂದು ಒಮ್ಮೆ ಹುಡುಕಿ ನೋಡಬೇಕು. ಸಿಕ್ಕರೆ, ಬರೆಸಿದ ಮೆಕೆಂಜಿಯ ಜೊತೆಗೆ ಬಿಸಿಲಲ್ಲಿ ನಡೆದು ಬರೆದುಕೊಂಡ ಬೋರಯ್ಯ, ಲಕ್ಷ್ಮಯ್ಯ, ಧರ್ಮಯ್ಯನವರನ್ನೂ ನೆನೆಯಬೇಕು.