ಸಿ ಡ್ರೈವ್ ಹಿಂದಿನ ಮನುಷ್ಯ ಗ್ಯಾರಿ ಕಿಲ್ಡಾಲ್

ಕಂಪ್ಯೂಟರ್ ಆನ್ ಮಾಡಿ ದಿಸ್ ಪಿಸಿ ತೆರೆದರೆ ಸಿ ಡ್ರೈವ್ ಕಾಣುತ್ತದೆ. ಪಕ್ಕದಲ್ಲಿ ಡಿ ಇರಬಹುದು. ಪೆನ್‌ಡ್ರೈವ್ ಹಾಕಿದರೆ ಇ ಅಥವಾ ಎಫ್ ಬರುತ್ತದೆ. ಎ ಮತ್ತು ಬಿ ಮಾತ್ರ ಎಲ್ಲೂ ಇಲ್ಲ. ಲ್ಯಾಬಿನಲ್ಲಿ ಯಾರನ್ನಾದರೂ ಕೇಳಿದರೆ, ಅವು ಹಿಂದಿನ ಕಾಲದ ಫ್ಲಾಪಿಗಳಿಗೆ ಮೀಸಲಾಗಿದ್ದವು ಎಂಬ ಉತ್ತರ ಸಿಗುತ್ತದೆ. ಅದು ಸರಿ. ಆದರೆ ಡಿಸ್ಕ್‌ಗೆ ಒಂದು ಅಕ್ಷರ ಕೊಟ್ಟು ಕರೆಯುವ ಪದ್ಧತಿಯನ್ನು ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೆ ತಂದವರು ಯಾರು?

ನವಲಗುಂದ ತಾಲ್ಲೂಕಿನ ಹಳ್ಳಿಯಿಂದ ಬಂದು ಬಿ.ಇ. ಓದುತ್ತಿರುವ ನನಗೆ ಈ ಪ್ರಶ್ನೆ ಹುಟ್ಟಿದ್ದು, ಡಿಸ್ಕ್ ಮತ್ತು ವಾಲ್ಯೂಮ್‌ಗಳನ್ನು ಗುರುತಿಸುವ ಬ್ಯಾಚ್ ಸ್ಕ್ರಿಪ್ಟ್ ಬರೆಯಲು ಕಲಿಯುವಾಗ. ಹುಡುಕುತ್ತ ಹೋದಾಗ ಸಿಕ್ಕ ಹೆಸರು ಗ್ಯಾರಿ ಕಿಲ್ಡಾಲ್. ಕಂಪ್ಯೂಟರ್ ಇತಿಹಾಸ ಬಲ್ಲವರಿಗೆ ಇದು ದೊಡ್ಡ ಹೆಸರು. ಬಿಲ್ ಗೇಟ್ಸ್ ಅವರನ್ನು ಬಲ್ಲ ನಮ್ಮಲ್ಲಿ ಹೆಚ್ಚಿನವರು ಇವರ ಬಗ್ಗೆ ಓದಿರುವುದಿಲ್ಲ. ಆದರೂ ಇವರು ಹಾಕಿಕೊಟ್ಟ ದಾರಿಯಲ್ಲೇ ನಾವು ದಿನವೂ ನಡೆಯುತ್ತಿದ್ದೇವೆ.

ಹಡಗಿನ ಲೆಕ್ಕದಿಂದ ಕಂಪ್ಯೂಟರಿಗೆ

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್ ನಗರದಲ್ಲಿ. ಅವರ ಮನೆತನದವರು ಹಡಗು ನಡೆಸುವವರಿಗೆ ದಿಕ್ಕು ಮತ್ತು ದೂರದ ಲೆಕ್ಕ ಕಲಿಸುವ ಶಾಲೆ ನಡೆಸುತ್ತಿದ್ದರು. ಗ್ಯಾರಿ ಕೂಡ ಅಲ್ಲಿ ಪಾಠ ಹೇಳಿದವರೇ. ಗಣಿತದ ಮೇಷ್ಟ್ರಾಗಬೇಕೆಂದು ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಕಂಪ್ಯೂಟರಿನ ಹುಚ್ಚು ಹತ್ತಿತು.

ಆಗ ವಿಯೆಟ್ನಾಂ ಯುದ್ಧದ ಕಾಲ. ಯುವಕರಿಗೆ ಸೈನ್ಯದ ಸೇವೆ ತಪ್ಪುತ್ತಿರಲಿಲ್ಲ. ಕಿಲ್ಡಾಲ್ ನೌಕಾಪಡೆಯ ಕಡೆಯಿಂದ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೇವಲ್ ಪೋಸ್ಟ್‌ಗ್ರಾಜ್ಯುಯೇಟ್ ಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡಲು ಹೋದರು. 1972ರಲ್ಲಿ ಪಿಎಚ್.ಡಿ. ಮುಗಿಸಿದರು. ಕಂಪೈಲರ್ ಡಿಸೈನ್ ಓದಿದವರು ಡೇಟಾ ಫ್ಲೋ ಅನಾಲಿಸಿಸ್ ಎಂಬ ಅಧ್ಯಾಯ ನೋಡಿರುತ್ತೀರಿ. ಅದರ ಬುನಾದಿಯಲ್ಲಿ ಕಿಲ್ಡಾಲ್ 1973ರಲ್ಲಿ ಪ್ರಕಟಿಸಿದ ಪ್ರಬಂಧವಿದೆ. ಉದ್ಯಮಿಯಾಗುವ ಮೊದಲೇ ಅವರು ಗಟ್ಟಿ ವಿದ್ವಾಂಸರಾಗಿದ್ದರು ಎಂಬುದಕ್ಕೆ ಇದೊಂದೇ ಸಾಕು.

ಆ ಹೊತ್ತಿಗೆ ಇಂಟೆಲ್ ಕಂಪನಿ 4004 ಎಂಬ ಪುಟ್ಟ ಪ್ರೊಸೆಸರ್ ಹೊರತಂದಿತ್ತು. ಕ್ಯಾಲ್ಕುಲೇಟರಿಗೆಂದು ಮಾಡಿದ್ದ ಆ ಚಿಪ್‌ನಲ್ಲಿ ಕಿಲ್ಡಾಲ್ ಹಡಗಿನ ಲೆಕ್ಕ ಮಾಡಿಸಬಹುದೇ ಎಂದು ನೋಡತೊಡಗಿದರು. ಪಾಠ ಇಲ್ಲದ ದಿನಗಳಲ್ಲಿ ಇಂಟೆಲ್‌ಗೆ ಸಲಹೆಗಾರರಾಗಿ ದುಡಿದರು. ಆ ಕಂಪನಿಯ ಪ್ರೊಸೆಸರ್‌ಗಳಿಗೆ ಪಿಎಲ್/ಎಂ ಎಂಬ ಪ್ರೋಗ್ರಾಮಿಂಗ್ ಭಾಷೆ ಬರೆದುಕೊಟ್ಟರು.

ಪ್ರೊಸೆಸರ್ ಇದೆ, ಡಿಸ್ಕ್ ಇಲ್ಲ

ಆಗಿನ ಸಣ್ಣ ಕಂಪ್ಯೂಟರಿಗೆ ಪ್ರೋಗ್ರಾಂ ತುಂಬಲು ಕಾಗದದ ಟೇಪು ಬೇಕಿತ್ತು. ತೂತು ಹೊಡೆದ ಉದ್ದನೆಯ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿಸಬೇಕು. ನಡುವೆ ಹರಿದರೆ ಮತ್ತೆ ಮೊದಲಿನಿಂದ. ಕಿಲ್ಡಾಲ್ ಶುಗಾರ್ಟ್ ಕಂಪನಿಯಿಂದ 8 ಇಂಚಿನ ಫ್ಲಾಪಿ ಡ್ರೈವ್ ಒಂದನ್ನು ತಂದರು. ಆದರೆ ಅದನ್ನು ಕಂಪ್ಯೂಟರಿಗೆ ಜೋಡಿಸುವ ಕಂಟ್ರೋಲರ್ ಇರಲಿಲ್ಲ. ಗೆಳೆಯ ಜಾನ್ ಟೊರೋಡ್ ಅದನ್ನು ಮಾಡಿಕೊಟ್ಟರು. 1974ರಲ್ಲಿ ಪೆಸಿಫಿಕ್ ಗ್ರೋವ್ ಎಂಬ ಸಣ್ಣ ಊರಿನಲ್ಲಿ ಡಿಸ್ಕ್ ತಿರುಗಿತು, ಪ್ರಾಂಪ್ಟ್ ಮೂಡಿತು. ಆ ತಂತ್ರಾಂಶದ ಹೆಸರು ಸಿಪಿ/ಎಂ.

ಆ ಫ್ಲಾಪಿಯ ಲೆಕ್ಕ ಕೇಳಿದರೆ ಇಂದು ನಗು ಬರಬಹುದು. 77 ಟ್ರ್ಯಾಕ್, ಒಂದೊಂದರಲ್ಲಿ 26 ಸೆಕ್ಟರ್, ಒಂದೊಂದು ಸೆಕ್ಟರಿಗೆ 128 ಬೈಟ್. ಒಟ್ಟು 2,56,256 ಬೈಟ್. ನಮ್ಮ ಮೊಬೈಲಿನ ಒಂದೇ ಒಂದು ಫೋಟೊ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಅಷ್ಟು ಜಾಗದಲ್ಲಿ ಫೈಲುಗಳನ್ನು ಹೆಸರಿಟ್ಟು ಜೋಡಿಸುವ ವ್ಯವಸ್ಥೆಯನ್ನು ಕಿಲ್ಡಾಲ್ ಕಟ್ಟಿದರು.

ಇಂಟೆಲ್ ಪಿಎಲ್/ಎಂ ಭಾಷೆಯನ್ನು ಇಟ್ಟುಕೊಂಡಿತು, ಸಿಪಿ/ಎಂ ಮೇಲೆ ಆಸಕ್ತಿ ತೋರಿಸಲಿಲ್ಲ. ಕಿಲ್ಡಾಲ್ ಮತ್ತು ಪತ್ನಿ ಡೊರೊತಿ ಸೇರಿ ಸ್ವಂತ ಕಂಪನಿ ತೆರೆದರು. ಮೊದಲು ಇಟ್ಟ ಹೆಸರು ಇಂಟರ್‌ಗ್ಯಾಲಾಕ್ಟಿಕ್ ಡಿಜಿಟಲ್ ರಿಸರ್ಚ್. ಮುಂದೆ ಅದು ಡಿಜಿಟಲ್ ರಿಸರ್ಚ್ ಎಂದಷ್ಟೇ ಆಯಿತು. ಗ್ಯಾರಿ ಪ್ರೋಗ್ರಾಂ ಬರೆಯುವುದು, ಡೊರೊತಿ ವ್ಯವಹಾರ ನೋಡುವುದು.

ಆಗ ಕಂಪನಿಗೊಂದು ಬಗೆಯ ಕಂಪ್ಯೂಟರ್. ಪ್ರತಿಯೊಂದಕ್ಕೂ ಸಿಪಿ/ಎಂ ಅನ್ನು ಹೊಸದಾಗಿ ತಿದ್ದಿ ಕೊಡಬೇಕಿತ್ತು. ಇದಕ್ಕೆ ಕಿಲ್ಡಾಲ್ ಕಂಡುಕೊಂಡ ಉಪಾಯ ಸರಳ. ಯಂತ್ರಕ್ಕೆ ತಕ್ಕಂತೆ ಬದಲಾಗುವ ಭಾಗವನ್ನೆಲ್ಲ ಒಂದು ಕಡೆ ಬೇರ್ಪಡಿಸಿದರು, ಉಳಿದದ್ದನ್ನು ಮುಟ್ಟದೆ ಬಿಟ್ಟರು. ಬೇರ್ಪಡಿಸಿದ ಆ ಭಾಗಕ್ಕೆ ಇಟ್ಟ ಹೆಸರು ಬಯೋಸ್. ಇಂದಿಗೂ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೇಳಿಬರುವ ಅದೇ ಪದ. ಈ ಒಂದು ಬದಲಾವಣೆಯಿಂದ ಸಿಪಿ/ಎಂ ನೂರಾರು ಮಾದರಿಯ ಯಂತ್ರಗಳಲ್ಲಿ ಓಡತೊಡಗಿತು. ನಮ್ಮ ಹಿಂದಿನ ತಲೆಮಾರಿನವರು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತ ವರ್ಡ್‌ಸ್ಟಾರ್, ಡಿಬೇಸ್ ಮೊದಲು ಬೆಳೆದದ್ದು ಸಿಪಿ/ಎಂ ಮೇಲೆಯೇ.

ಅಕ್ಷರ ಬೇರೆ, ಡಿಸ್ಕ್ ಬೇರೆ

ಡಿಸ್ಕ್‌ಗೆ ಅಕ್ಷರ ಕೊಡುವ ರೂಢಿ ಐಬಿಎಂನ ದೊಡ್ಡ ಕಂಪ್ಯೂಟರುಗಳಲ್ಲಿ ಮೊದಲೇ ಇತ್ತು. ಸಣ್ಣ ಕಂಪ್ಯೂಟರಿಗೆ ಅದು ಬಂದದ್ದು ಸಿಪಿ/ಎಂ ಮೂಲಕ. ಅದರ ಎರಡನೇ ಆವೃತ್ತಿಯಲ್ಲಿ ಎ ಇಂದ ಪಿ ವರೆಗೆ 16 ಡ್ರೈವ್ ಇರಬಹುದಿತ್ತು. ಡ್ರೈವ್‌ಗಳ ವಿವರ ತಿಳಿಯಲು ಸ್ಟ್ಯಾಟ್ ಎಂಬ ಕಮಾಂಡ್ ಇತ್ತು. ಹಲವು ಕಮಾಂಡ್‌ಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಸಾಲಾಗಿ ಓಡಿಸಲು ಸಬ್ಮಿಟ್ ಎಂಬ ಸೌಲಭ್ಯವಿತ್ತು. ನಾವು ಇಂದು ಬರೆಯುವ ಬ್ಯಾಚ್ ಫೈಲಿನ ಹಿರಿಯಣ್ಣ ಅದು.

ಅಕ್ಷರ ಎಂದರೆ ಡಿಸ್ಕ್ ಅಲ್ಲ ಎಂಬುದು ಸಿಪಿ/ಎಂಗೆ ಚೆನ್ನಾಗಿ ಗೊತ್ತಿತ್ತು. ಎ ಡ್ರೈವ್‌ನಲ್ಲಿದ್ದ ಫ್ಲಾಪಿ ತೆಗೆದು ಬೇರೊಂದು ಹಾಕಿದರೂ ಅಕ್ಷರ ಎ ಆಗಿಯೇ ಉಳಿಯುತ್ತದೆ. ಹಳೆಯ ಫ್ಲಾಪಿ ಎಂದುಕೊಂಡು ಹೊಸದರ ಮೇಲೆ ಬರೆದರೆ ಅದರಲ್ಲಿದ್ದುದೆಲ್ಲ ಹಾಳು. ಆದ್ದರಿಂದ ಸಿಪಿ/ಎಂ ಡಿಸ್ಕ್‌ನ ಫೈಲ್ ಪಟ್ಟಿಯಿಂದ ಒಂದು ಮೊತ್ತ ಲೆಕ್ಕ ಹಾಕಿ ನೆನಪಿಟ್ಟುಕೊಳ್ಳುತ್ತಿತ್ತು. ಮುಂದೆ ಮೊತ್ತ ತಾಳೆಯಾಗದಿದ್ದರೆ ಡಿಸ್ಕ್ ಬದಲಾಗಿದೆ ಎಂದು ತಿಳಿದು, ಓದಲು ಮಾತ್ರ ಬಿಟ್ಟು ಬರೆಯುವುದನ್ನು ತಡೆಯುತ್ತಿತ್ತು.

ಇದು ನಮ್ಮ ಬಸ್ಸಿನ ಸೀಟಿದ್ದಂತೆ. ನವಲಗುಂದದಲ್ಲಿ ಹುಬ್ಬಳ್ಳಿ ಬಸ್ ಬಂದು ನಿಂತರೆ ಕಿಟಕಿಯಿಂದ ಟವೆಲ್ ಹಾಕಿದವರಿಗೆ ಸೀಟು. ಇವತ್ತು ಆ ಸೀಟಿನಲ್ಲಿ ಕುಳಿತವರೇ ನಾಳೆಯೂ ಅಲ್ಲಿರುತ್ತಾರೆ ಎಂದು ನಂಬಿ ಯಾರಾದರೂ ಅವರ ಕೈಗೆ ಹಣದ ಚೀಲ ಕೊಡುತ್ತಾರೆಯೇ? ಡ್ರೈವ್ ಅಕ್ಷರ ಅಂಥದೊಂದು ಸೀಟು.

ಐಬಿಎಂ ಬಾಗಿಲಿಗೆ ಬಂದ ದಿನ

1980ರಲ್ಲಿ ಐಬಿಎಂ ಗುಟ್ಟಾಗಿ ಒಂದು ಸಣ್ಣ ಕಂಪ್ಯೂಟರ್ ತಯಾರಿಸುತ್ತಿತ್ತು. ಅದಕ್ಕೆ ಆಪರೇಟಿಂಗ್ ಸಿಸ್ಟಂ ಕೇಳಲು ಅದರ ಅಧಿಕಾರಿಗಳು ಪೆಸಿಫಿಕ್ ಗ್ರೋವ್‌ಗೆ ಬಂದರು. ಆ ಬೆಳಿಗ್ಗೆ ಕಿಲ್ಡಾಲ್ ತಮ್ಮ ವಿಮಾನದಲ್ಲಿ ಬೇರೊಂದು ವ್ಯವಹಾರಕ್ಕೆ ಹೋಗಿದ್ದರು. ಗುಟ್ಟು ಕಾಯುವ ಕರಾರುಪತ್ರಕ್ಕೆ ಸಹಿ ಹಾಕಲು ಡೊರೊತಿ ಹಿಂಜರಿದರು. ಮುಂದೆ ಏನಾಯಿತು ಎಂಬುದನ್ನು ಅಲ್ಲಿದ್ದವರೇ ಬೇರೆ ಬೇರೆಯಾಗಿ ಹೇಳಿದ್ದಾರೆ. ಒಪ್ಪಂದ ಮಾತ್ರ ಆಗಲಿಲ್ಲ.

ಐಬಿಎಂ ಮೈಕ್ರೊಸಾಫ್ಟ್ ಕಡೆ ತಿರುಗಿತು. ಮೈಕ್ರೊಸಾಫ್ಟ್ ಬಳಿಯೂ ಆಗ ಆಪರೇಟಿಂಗ್ ಸಿಸ್ಟಂ ಇರಲಿಲ್ಲ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಬರೆದಿದ್ದ 86-ಡಾಸ್ ಅನ್ನು ಅದು ಕೊಂಡುಕೊಂಡಿತು. ಸಿಪಿ/ಎಂಗೆ ಬರೆದ ಪ್ರೋಗ್ರಾಂಗಳನ್ನು ಸುಲಭವಾಗಿ ತರಲು ಆಗುವಂತೆ ಅದರ ರಚನೆ ಸಿಪಿ/ಎಂ ಮಾದರಿಯಲ್ಲೇ ಇತ್ತು. ಡ್ರೈವ್ ಅಕ್ಷರಗಳು, 8 ಅಕ್ಷರದ ಫೈಲ್ ಹೆಸರು, ಅದರ ಮುಂದೆ 3 ಅಕ್ಷರದ ಬಾಲ, ಎಲ್ಲವೂ ಹಾಗೆಯೇ ಬಂದವು. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಬಿಡುಗಡೆಯಾಯಿತು.

ಹೋಲಿಕೆ ಕಂಡ ಕಿಲ್ಡಾಲ್ ಪ್ರಶ್ನಿಸಿದರು. ನ್ಯಾಯಾಲಯಕ್ಕೆ ಹೋಗುವ ಬದಲು ಸಿಪಿ/ಎಂ-86 ಅನ್ನೂ ಮಾರಲು ಐಬಿಎಂ ಒಪ್ಪಿತು. ಆದರೆ ಡಾಸ್ ಬೆಲೆ 40 ಡಾಲರ್, ಸಿಪಿ/ಎಂ-86ರ ಬೆಲೆ 240 ಡಾಲರ್. ಜನ ಯಾವುದನ್ನು ಕೊಂಡರು ಎಂದು ಬಿಡಿಸಿ ಹೇಳಬೇಕಿಲ್ಲ. 1983ರಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಬಂದಾಗ ಎ, ಬಿ ಫ್ಲಾಪಿಗಳಿಗೆ ಹೋಗಿದ್ದರಿಂದ ಹಾರ್ಡ್‌ಡಿಸ್ಕ್‌ಗೆ ಸಿ ಸಿಕ್ಕಿತು. ಫ್ಲಾಪಿ ಹೋದರೂ ಸಿ ಇನ್ನೂ ತನ್ನ ಸೀಟು ಬಿಟ್ಟಿಲ್ಲ.

ಅಂಟಿಕೊಂಡ ಹಣೆಪಟ್ಟಿ

ವಿಮಾನ ಹಾರಿಸಲು ಹೋಗಿ ಕೋಟಿಗಟ್ಟಲೆ ಅವಕಾಶ ಕಳೆದುಕೊಂಡವ ಎಂಬ ಹಣೆಪಟ್ಟಿ ಕಿಲ್ಡಾಲ್‌ಗೆ ಅಂಟಿತು. ನಿಜದಲ್ಲಿ ಅವರು ಸುಮ್ಮನೆ ಕುಳಿತವರಲ್ಲ. ಅವರ ಕಂಪನಿ ಒಂದೇ ಹೊತ್ತಿಗೆ ಹಲವು ಕೆಲಸ ಮಾಡುವ ಆಪರೇಟಿಂಗ್ ಸಿಸ್ಟಂ ತಂದಿತು. ಕಿಟಕಿ, ಚಿತ್ರಗಳಿರುವ ಜೆಮ್ ಎಂಬ ವ್ಯವಸ್ಥೆ ಕಟ್ಟಿತು. ಅವರು ತೆರೆದ ಇನ್ನೊಂದು ಕಂಪನಿ 1985ರಲ್ಲಿ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿಗೆ ಇಳಿಸಿತು. ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟಿ.ವಿ. ಕಾರ್ಯಕ್ರಮದಲ್ಲಿ ಸಹ ನಿರೂಪಕರಾಗಿ ಜನಸಾಮಾನ್ಯರಿಗೆ ಹೊಸ ತಂತ್ರಜ್ಞಾನ ಪರಿಚಯಿಸಿದರು. 1991ರಲ್ಲಿ ಡಿಜಿಟಲ್ ರಿಸರ್ಚ್ ನೊವೆಲ್ ಕಂಪನಿಗೆ ಮಾರಾಟವಾಯಿತು. ದುಡ್ಡಿನ ಕೊರತೆ ಅವರಿಗಿರಲಿಲ್ಲ.

ನೋವು ಬೇರೆಯದಿತ್ತು. 1992ರಲ್ಲಿ ತಾವು ಓದಿದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ವಾರ್ಷಿಕೋತ್ಸವಕ್ಕೆ ಅವರಿಗೆ ಆಹ್ವಾನ ಬಂತು, ಪ್ರೇಕ್ಷಕರ ಸಾಲಿನಲ್ಲಿ ಕೂರಲು. ಮುಖ್ಯ ಭಾಷಣ ಬಿಲ್ ಗೇಟ್ಸ್ ಅವರದು. ಅದೇ ವಿಭಾಗದಲ್ಲಿ ಪಿಎಚ್.ಡಿ. ಮಾಡಿದವರಿಗೆ ಅದು ಚುಚ್ಚಿತು. ಆ ಬಳಿಕ ಕಿಲ್ಡಾಲ್ ಆತ್ಮಕಥೆ ಬರೆದರು, ಪ್ರಕಟಿಸಲಿಲ್ಲ. 1994ರ ಜುಲೈ 11ರಂದು, ತಲೆಗೆ ಪೆಟ್ಟಾದ ಮೂರು ದಿನಗಳ ನಂತರ, ಮಾಂಟೆರೆಯಲ್ಲಿ ತೀರಿಕೊಂಡರು. ವಯಸ್ಸು 52. ಅವರ ಕಂಪನಿ ಇದ್ದ ಕಟ್ಟಡದ ಎದುರು 2014ರಲ್ಲಿ ಐಇಇಇ ಸಂಸ್ಥೆ ಸ್ಮಾರಕ ಫಲಕ ಇಟ್ಟಿತು. ಆತ್ಮಕಥೆಯ ಮೊದಲ ಭಾಗವನ್ನು ಮಕ್ಕಳು 2016ರಲ್ಲಿ ಹೊರತಂದರು.

ಸ್ಕ್ರಿಪ್ಟ್ ಬರೆಯುವವರಿಗೆ

ಈಗ ನಮ್ಮ ಕೆಲಸಕ್ಕೆ ಬರೋಣ. ಪೆನ್‌ಡ್ರೈವ್ ಖಾಲಿ ಮಾಡುವ ಬ್ಯಾಚ್ ಫೈಲಿನಲ್ಲಿ ಇ ಎಂದು ಅಕ್ಷರ ಬರೆದಿಟ್ಟಿದ್ದೀರಿ ಎಂದುಕೊಳ್ಳಿ. ಒಂದು ದಿನ ಯಾರದೋ ಹಾರ್ಡ್‌ಡಿಸ್ಕ್ ಮೊದಲೇ ಬಂದು ಇ ಅಕ್ಷರ ಹಿಡಿದಿದೆ. ಸ್ಕ್ರಿಪ್ಟ್‌ಗೆ ಅದು ತಿಳಿಯದು. ಒಂದು ಎಂಟರ್ ಒತ್ತಿದರೆ ಉತಾರ, ಅಂಕಪಟ್ಟಿ, ಮದುವೆಯ ಫೋಟೊ ಎಲ್ಲವೂ ಹೋಗುತ್ತವೆ.

ಮೊದಲು ಡಿಸ್ಕ್ ಮತ್ತು ವಾಲ್ಯೂಮ್ ವ್ಯತ್ಯಾಸ ತಿಳಿಯಬೇಕು. ಹೊಲದ ಸರ್ವೆ ನಂಬರ್ ಒಂದೇ, ಅಣ್ಣತಮ್ಮಂದಿರ ಹಿಸ್ಸಾ ನಾಲ್ಕು ಇರುವುದಿಲ್ಲವೇ? ಹಾಗೆ ಡಿಸ್ಕ್ ಒಂದು, ಅದರೊಳಗಿನ ವಾಲ್ಯೂಮ್‌ಗಳು ಹಲವು. ಡಿಸ್ಕ್‌ಪಾರ್ಟ್‌ನಲ್ಲಿ ಲಿಸ್ಟ್ ಡಿಸ್ಕ್ ಎಂದರೆ ಸರ್ವೆ ನಂಬರ್, ಲಿಸ್ಟ್ ವಾಲ್ಯೂಮ್ ಎಂದರೆ ಹಿಸ್ಸಾ ತೋರಿಸುತ್ತದೆ.

ವಾಲ್ ಕಮಾಂಡ್ ಎರಡು ಗುರುತು ಕೊಡುತ್ತದೆ. ಒಂದು, ನಾವೇ ಇಟ್ಟ ಲೇಬಲ್. ಆದರೆ ನಮ್ಮ ಊರಲ್ಲಿ ಬಸವರಾಜ ಎಂದು ಕೂಗಿದರೆ ಹತ್ತು ಮಂದಿ ಹೊರಳಿ ನೋಡುವಂತೆ, ನ್ಯೂ ವಾಲ್ಯೂಮ್ ಎಂಬ ಹೆಸರಿನ ಡ್ರೈವ್‌ಗಳು ಎಲ್ಲೆಲ್ಲೂ ಇವೆ. ಇನ್ನೊಂದು, ಫಾರ್ಮ್ಯಾಟ್ ಮಾಡುವಾಗ ಹುಟ್ಟುವ ಸೀರಿಯಲ್ ನಂಬರ್. ಮತ್ತೆ ಫಾರ್ಮ್ಯಾಟ್ ಮಾಡುವವರೆಗೆ ಅದು ಬದಲಾಗದು. ಆದ್ದರಿಂದ ಸ್ಕ್ರಿಪ್ಟ್‌ನಲ್ಲಿ ಫಾರ್ ಲೂಪ್ ಹಾಕಿ ಡಿ ಇಂದ ಝಡ್ ವರೆಗೆ ಪ್ರತಿ ಅಕ್ಷರಕ್ಕೂ ವಾಲ್ ಓಡಿಸಿ, ಫೈಂಡ್‌ಎಸ್‌ಟಿಆರ್ ಮೂಲಕ ನಿಮ್ಮ ನಂಬರ್ ತಾಳೆ ನೋಡಿ. ತಾಳೆಯಾದರೆ ಮಾತ್ರ ಮುಂದಿನ ಸಾಲು. ಇಲ್ಲವಾದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ. ಹಳೆಯ ಪಾಠಗಳಲ್ಲಿ ಕಾಣುವ ಡಬ್ಲ್ಯುಎಂಐಸಿ ಕಮಾಂಡ್ ಅನ್ನು ಮೈಕ್ರೊಸಾಫ್ಟ್ ಕೈಬಿಡುತ್ತಿದೆ. ಅದರ ಬದಲು ಪವರ್‌ಶೆಲ್‌ನ ಗೆಟ್-ಡಿಸ್ಕ್, ಗೆಟ್-ವಾಲ್ಯೂಮ್ ಕಲಿಯುವುದು ಒಳ್ಳೆಯದು. ಸಿಸ್ಟಂ ಸಪೋರ್ಟ್ ಕೆಲಸಕ್ಕೆ ಸಂದರ್ಶನಕ್ಕೆ ಹೋಗುವ ಗೆಳೆಯರಿಗೆ ಇಷ್ಟು ಗೊತ್ತಿದ್ದರೆ ಲಾಭವೇ ಹೊರತು ನಷ್ಟವಿಲ್ಲ.

ಮೇಲಿನ ಅಕ್ಷರ ನಂಬದೆ ಒಳಗಿರುವುದನ್ನು ಪರೀಕ್ಷಿಸು ಎಂಬುದು ಸಿಪಿ/ಎಂ ಪಾಲಿಸಿದ ನಿಯಮ. ಅದನ್ನು ಬರೆದ ಮನುಷ್ಯನನ್ನು ಮಾತ್ರ ಜಗತ್ತು ಬಹುಕಾಲ ಒಂದು ಹಣೆಪಟ್ಟಿಯಿಂದಲೇ ಅಳೆಯಿತು. ಹಳ್ಳಿಯವರು, ಕನ್ನಡ ಮೀಡಿಯಂನವರು, ಹೆಸರಿಲ್ಲದ ಕಾಲೇಜಿನವರು ಎಂಬ ಪಟ್ಟಿಗಳು ನಮ್ಮ ಮೇಲೂ ಬೀಳುತ್ತವೆ. ಅವು ಸೀಟಿನ ಅಕ್ಷರಗಳಷ್ಟೆ. ನಮ್ಮ ಗುರುತು ಒಳಗೆ ನಾವು ಬರೆದುಕೊಂಡಿರುವ ವಿದ್ಯೆಯಲ್ಲಿದೆ. ಅದನ್ನು ದಿನಕ್ಕೊಂದಿಷ್ಟು ಬರೆಯುತ್ತ ಹೋಗೋಣ.