ಒಗಟುಗಾರ ಟಾರ್ಕೆಮಾಡಾ

ಬ್ಯಾಂಕಿನ ಗುಮಾಸ್ತರಾದ ನಮಗೆ ದಿನದ ಕೊನೆಗೆ ಒಂದೇ ಚಿಂತೆ. ಜಮೆಯ ಕಡೆಯ ಮೊತ್ತವೂ ಖರ್ಚಿನ ಕಡೆಯ ಮೊತ್ತವೂ ತಾಳೆಯಾಗಬೇಕು. ತಾಳೆಯಾದರೆ ಮನೆಯ ದಾರಿ. ಇಲ್ಲವಾದರೆ ಮತ್ತೆ ಮೊದಲಿನಿಂದ. ಈಗ ಕಂಪ್ಯೂಟರು ಕ್ಷಣಮಾತ್ರದಲ್ಲಿ ಕೂಡಿಸಿ ಕೊಡುತ್ತದೆಯಾದರೂ ಚಿಂತೆ ಮಾತ್ರ ಹಳೆಯದೇ. ಈ ಅಭ್ಯಾಸದ ಫಲವೋ ಏನೋ, ಮುಂಬಯಿಯ ಲೋಕಲ್ ಗಾಡಿಯಲ್ಲಿ ಹೋಗಿ ಬರುತ್ತ ನಮಗೆ ಇಂಗ್ಲಿಷ್ ಪತ್ರಿಕೆಗಳ ಗೂಢ ಪದಬಂಧದ ಗೀಳು ಹತ್ತಿತು. ಆ ವಿದ್ಯೆಯ ಆದಿಪುರುಷರಲ್ಲಿ ಅಗ್ರಗಣ್ಯನಾದ ಒಬ್ಬ ಆಂಗ್ಲ ಮಹಾಶಯನ ಜೀವನವನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಆಸೆ. ದೂರದವನಾದರೂ ಆತನಿಗೆ ನಮ್ಮ ಕಲ್ಯಾಣದ ನಂಟುಂಟು.

ಆತನ ಹೆಸರು ಎಡ್ವರ್ಡ್ ಪೊವಿಸ್ ಮ್ಯಾಥರ್ಸ್. 1892ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದನು. ಆತ ಮೊದಲು ಕವಿ, ಆಮೇಲೆ ಒಗಟುಗಾರ. ಪೌರಸ್ತ್ಯ ದೇಶಗಳ ಕಾವ್ಯವೆಂದರೆ ಅವನಿಗೆ ಪ್ರಾಣ. 1919ರಲ್ಲಿ ಅವನು ಪ್ರಕಟಿಸಿದ ಕಪ್ಪು ಚೆಂಡುಹೂಗಳು ಎಂಬರ್ಥದ ಹೆಸರಿನ ಕಾವ್ಯವು, ಬಿಲ್ಹಣನ ಹೆಸರಿನಲ್ಲಿ ಪ್ರಸಿದ್ಧವಾದ ಚೌರಪಂಚಾಶಿಕೆಯ ಸ್ವತಂತ್ರ ರೂಪಾಂತರ. ಬಿಲ್ಹಣನಾರು? ಕಾಶ್ಮೀರದಲ್ಲಿ ಹುಟ್ಟಿ, ಊರೂರು ಅಲೆದು, ಕೊನೆಗೆ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯೆನಿಸಿ ವಿಕ್ರಮಾಂಕದೇವಚರಿತವನ್ನು ಬರೆದ ಮಹಾಕವಿ. ರಾಜಕುಮಾರಿಯನ್ನು ಪ್ರೇಮಿಸಿದ್ದಕ್ಕಾಗಿ ಮರಣದಂಡನೆಗೆ ಗುರಿಯಾದವನು ಅವಳನ್ನು ನೆನೆದು ಹಾಡಿದ ಐವತ್ತು ಶ್ಲೋಕಗಳೇ ಆ ಕಾವ್ಯವೆಂದು ಐತಿಹ್ಯ. ಮ್ಯಾಥರ್ಸನ ಈ ರೂಪಾಂತರವನ್ನು ಅಮೆರಿಕದ ಕಾದಂಬರಿಕಾರ ಸ್ಟೈನ್‌ಬೆಕ್ ತನ್ನ 1945ರ ಕ್ಯಾನರಿ ರೋ ಕಾದಂಬರಿಯಲ್ಲಿ ಬಳಸಿಕೊಂಡನು. ಅರಬ್ಬೀ ಇರುಳುಗಳ ಕಥೆಗಳನ್ನೂ ಮ್ಯಾಥರ್ಸ್ ಮಾರ್ದ್ರೂಸನ ಫ್ರೆಂಚ್ ಆವೃತ್ತಿಯಿಂದ 1923ರಲ್ಲಿ ಇಂಗ್ಲಿಷಿಗೆ ತಂದನು.

ಪದಬಂಧವು ಆಗಿನ್ನೂ ಎಳೆಯ ಕೂಸು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬಾತ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅದನ್ನು ಮೊದಲು ಅಚ್ಚು ಮಾಡಿಸಿದ್ದನು. 1924ರ ಹೊತ್ತಿಗೆ ಅದು ಇಂಗ್ಲೆಂಡಿನ ಪತ್ರಿಕೆಗಳಿಗೂ ಬಂದಿತು. ಆದರೆ ಅದರ ಸುಳಿವುಗಳು ಬರಿಯ ಅರ್ಥಕೋಶದ ಮಾತುಗಳು. ಕಾಡು ಎಂದರೆ ವನ, ಮುಗಿಯಿತು. ಕವಿಯಾದವನಿಗೆ ಇಷ್ಟು ಸಾಲುವುದೇ? ಶಬ್ದಕ್ಕೆ ಅರ್ಥವಿರುವಂತೆ ಆಕಾರವೂ ಇದೆ, ಅಂಗಾಂಗಗಳೂ ಇವೆ. ಅವುಗಳೊಡನೆ ಆಡಬಾರದೇಕೆ? ಮ್ಯಾಥರ್ಸ್ ಹಾಗೆ ಆಡಿದನು. ಸುಳಿವುಗಳೆಲ್ಲವೂ ಗೂಢವಾಗಿರುವ ಪದಬಂಧಗಳನ್ನು ರಚಿಸಿದವರಲ್ಲಿ ಆತ ಮೊದಲಿಗನೆಂದು ಬಲ್ಲವರು ಎಣಿಸುತ್ತಾರೆ.

ಆಂಗ್ಲ ಶಬ್ದಗಳ ಚಮತ್ಕಾರವನ್ನು ಕನ್ನಡದಲ್ಲಿ ತೋರಿಸಲಾಗದು. ಆದ್ದರಿಂದ ನಾವೇ ಹೊಸೆದ ಎರಡು ಸುಳಿವುಗಳನ್ನು ನೋಡೋಣ. ಮೊದಲನೆಯದು: ಹೊಸತು ಹಿಂತಿರುಗಿದ ಕಾಡು, ಎರಡಕ್ಷರ. ಓದಿದೊಡನೆ ಬೆಂದುಹೋದ ಕಾಡು ಮತ್ತೆ ಚಿಗುರಿದ ಚಿತ್ರ ಕಣ್ಣಿಗೆ ಬರುತ್ತದೆ. ಅದೇ ಮೋಸ. ಹೊಸತೆಂದರೆ ನವ, ಅಕ್ಷರಗಳನ್ನು ಹಿಂತಿರುಗಿಸಿ ಓದಿದರೆ ವನ, ಕಾಡು ಅದರ ಅರ್ಥ. ಎರಡನೆಯದು: ಎಷ್ಟು ಹಾಸ್ಯ ಮಾಡಿದರೂ ಮುಖ ಬಿಗಿದುಕೊಂಡಿರುವ ಹಣ, ಮೂರಕ್ಷರ. ಉತ್ತರ ನಗದು. ಬಾರದು, ಆಗದು ಎಂದಂತೆಯೇ ನಗದು, ಅಂದರೆ ಅದು ನಗುವುದಿಲ್ಲ. ಹೀಗೆ ಉತ್ತಮ ಸುಳಿವಿಗೆ ಎರಡು ದಾರಿಗಳು. ಒಂದು ಅರ್ಥದ ದಾರಿ, ಇನ್ನೊಂದು ಆಟದ ದಾರಿ. ಎರಡೂ ಒಂದೇ ಶಬ್ದದಲ್ಲಿ ಬಂದು ಕೂಡಿದರೆ ಉತ್ತರ ಸರಿ. ಬೇರೆ ಸಾಕ್ಷಿ ಬೇಡ. ನಮ್ಮ ಲೆಕ್ಕದ ಪುಸ್ತಕದ ಎರಡು ಕಡೆಗಳು ತಾಳೆಯಾದಂತೆಯೇ ಇದು.

1926ರಿಂದ ಲಂಡನ್ನಿನ ಆಬ್ಸರ್ವರ್ ಪತ್ರಿಕೆಯಲ್ಲಿ ಮ್ಯಾಥರ್ಸನ ಪದಬಂಧಗಳು ಬರತೊಡಗಿದುವು. ಆತ ಇಟ್ಟುಕೊಂಡ ಹೆಸರು ಟಾರ್ಕೆಮಾಡಾ. 15ನೆಯ ಶತಮಾನದ ಸ್ಪೇನಿನಲ್ಲಿ ಧರ್ಮವಿಚಾರಣೆಯ ನೆಪದಲ್ಲಿ ಜನರನ್ನು ಪೀಡಿಸಿದ ಅಧಿಕಾರಿಯ ಹೆಸರದು. ಒಗಟು ಬಿಡಿಸುವವರನ್ನು ಗೋಳುಹೊಯ್ದುಕೊಳ್ಳುವವನಿಗೆ ತಕ್ಕ ಹೆಸರೇ! ಆದರೆ ಈ ಪೀಡಕನ ಮನೆಯ ಕಾರ್ಯಾಗಾರ ಬಲು ಸೌಮ್ಯವಾದುದು. ಆತ ಶಬ್ದಗಳನ್ನು ಆರಿಸುವನು. ಮಡದಿ ರೋಸಮಂಡ್ ಅವುಗಳನ್ನು ಚೌಕದೊಳಗೆ ಹೊಂದಿಸುವಳು. ಆಮೇಲೆ ಆತ ಸುಳಿವುಗಳನ್ನು ಬರೆಯುವನು. ಹೀಗೆ ದಂಪತಿಗಳ ದುಡಿಮೆಯಲ್ಲಿ ಆ ಪತ್ರಿಕೆಗೆ ಸಂದ ಪದಬಂಧಗಳು 670. ಅದೇ ಪತ್ರಿಕೆಯಲ್ಲಿ ಆತ ಪತ್ತೇದಾರಿ ಕಾದಂಬರಿಗಳ ವಿಮರ್ಶೆಯನ್ನೂ ಮಾಡುತ್ತಿದ್ದನು.

ಆ ಓದಿನ ಫಲವಾಗಿ 1934ರಲ್ಲಿ ಒಂದು ವಿಚಿತ್ರ ಕೃತಿ ಹೊರಬಿದ್ದಿತು. ಕೇನನ ದವಡೆಮೂಳೆ ಎಂಬರ್ಥದ ಹೆಸರಿನ ಈ ಪತ್ತೇದಾರಿ ಕಥೆಗೆ 100 ಪುಟಗಳು. ಒಂದೂ ತನ್ನ ಸ್ಥಾನದಲ್ಲಿಲ್ಲ. ಓದುಗನು ಪುಟಗಳನ್ನು ಸರಿಯಾಗಿ ಜೋಡಿಸಿ, ಆರು ಕೊಲೆಗಳಲ್ಲಿ ಸತ್ತವರಾರು, ಕೊಂದವರಾರು ಎಂದು ಹೇಳಬೇಕು. ಅಂದು ಬಹುಮಾನಕ್ಕೆ ಅರ್ಹರಾದವರು ಇಬ್ಬರೇ. 2019ರಲ್ಲಿ ಅದು ಮರುಮುದ್ರಣವಾದಾಗ 1,000 ಪೌಂಡುಗಳ ಬಹುಮಾನವನ್ನು ಗೆದ್ದವನು ಹಾಸ್ಯ ಲೇಖಕ ಜಾನ್ ಫಿನ್ನೆಮೋರ್. 2020ರಲ್ಲಿ ಸಾಂಕ್ರಾಮಿಕದ ದಿಗ್ಬಂಧನದ ಬಿಡುವು ಅವನಿಗೆ ಒದಗಿತ್ತು.

1939ರ ಫೆಬ್ರುವರಿಯಲ್ಲಿ, 46ನೆಯ ವಯಸ್ಸಿನಲ್ಲಿ, ಮ್ಯಾಥರ್ಸ್ ಕಾಲವಾದನು. ಆತನ ಸ್ಥಾನಕ್ಕೆ ಬಂದ ಶಾಲಾ ಉಪಾಧ್ಯಾಯ ಮ್ಯಾಕ್‌ನಟ್, ಸ್ಪೇನಿನ ಮತ್ತೊಬ್ಬ ವಿಚಾರಣಾಧಿಕಾರಿಯ ಹೆಸರನ್ನು ಧರಿಸಿ ಕ್ಸಿಮೆನೀಸ್ ಆದನು. ಟಾರ್ಕೆಮಾಡಾನ ಸುಳಿವುಗಳಲ್ಲಿ ಕೆಲವು ತೀರ ಸಡಿಲ, ಬಿಡಿಸುವವನಿಗೆ ನ್ಯಾಯ ದೊರೆಯದು ಎಂಬ ಕೊರತೆಯಿದ್ದಿತು. ಅದನ್ನು ನಾವೂ ಮುಚ್ಚಿಡುವುದಿಲ್ಲ. ಕ್ಸಿಮೆನೀಸನು ಆಟಕ್ಕೆ ಕಟ್ಟುಪಾಡು ತಂದು, 1966ರಲ್ಲಿ ಅದನ್ನು ಗ್ರಂಥರೂಪಕ್ಕಿಳಿಸಿದನು. ಅರ್ಥ ನಿಖರವಾಗಿರಬೇಕು, ಆಟ ನ್ಯಾಯವಾಗಿರಬೇಕು, ಸುಳಿವಿನಲ್ಲಿ ಒಂದು ಮಾತೂ ಹೆಚ್ಚಾಗಿರಬಾರದು ಎಂಬುದು ಅದರ ಸಾರ. ಶಿಷ್ಯನು ಗುರುವನ್ನು ತಿದ್ದಿದನು. ಆದರೆ ತಿದ್ದಲು ವಿದ್ಯೆಯೇ ಇಲ್ಲದಂತೆ ಗುರು ಮಾಡಲಿಲ್ಲವಷ್ಟೆ!

ಒಗಟುಗಾರನು ಬಚ್ಚಿಡುವುದು ಪರರಿಗೆ ಸಿಗಬಾರದೆಂದಲ್ಲ, ಸಿಕ್ಕಲೆಂದೇ. ನಮ್ಮ ಕನಕದಾಸರ ಮುಂಡಿಗೆಗಳನ್ನು ಕೇಳಿ ತಲೆ ಕೆರೆದುಕೊಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹುಡುಕುವವನಿಗೆ ಭಾಷೆ ಬರಬೇಕು.

ಮೇಲಿನ ಎರಡನೆಯ ಸುಳಿವನ್ನು ಮೊನ್ನೆ ನಮ್ಮ ಒಂಬತ್ತು ವರ್ಷದ ಮಗಳ ಮುಂದಿಟ್ಟೆವು. ಹಣವೆಂಬ ಅರ್ಥ ಅವಳಿಗೆ ತಟ್ಟನೆ ಹೊಳೆಯಿತು. ಮರಾಠಿಯ ನೆರೆಯವರಿಂದಲೂ ಹಿಂದಿಯ ಅಂಗಡಿಯವರಿಂದಲೂ ಆ ಶಬ್ದವನ್ನು ಕೇಳಿದ್ದಾಳೆ. ಅದೇಕೆ ನಗುವುದಿಲ್ಲವೆಂದು ಮಾತ್ರ ತಿಳಿಯಲಿಲ್ಲ. ಹಣದ ಅರ್ಥ ಈ ಮಹಾನಗರದಲ್ಲಿ ಎಲ್ಲರದು; ಆ ನಗೆ ಕನ್ನಡದ್ದೊಂದೇ. ಊರಿನಿಂದ ದೂರವಿರುವ ನಮ್ಮ ಮನೆಗಳಲ್ಲಿ ಕನ್ನಡದ ವ್ಯವಹಾರ ಉಳಿದಿದೆ, ಆಟ ಕಡಮೆಯಾಗಿದೆ. ಬಾರದು, ಆಗದು, ಹೋಗದು ಎಂದು ಒಂದೊಂದಾಗಿ ಹೇಳಿಕೊಡುತ್ತ ಬಂದೆವು. ಐದನೆಯದಕ್ಕೆ ಅವಳು ತಡೆದಳು, ಕಣ್ಣರಳಿಸಿದಳು, ನಕ್ಕಳು. ಅಂದಿನ ನಮ್ಮ ಲೆಕ್ಕ ತಾಳೆಯಾಯಿತು.